ಅಪ್ಪ ಮಿಟುಕಿಸಿದ ಕಣ್ಣು

ಇಂದ:
ಚಿರಂಜೀವಿ, ಸಮಾಜ ವಿಜ್ಞಾನ ಶಿಕ್ಷಕ,
ಬೂದಿಕೋಟೆ, ಬಂಗಾರಪೇಟೆ ತಾಲ್ಲೂಕು.

ಗೆ:
ಉಸ್ತುವಾರಿ ಅಧಿಕಾರಿಗಳು,
‘ಸುಲಭಯಾನ’ ಜಾಲತಾಣ, ವಿಶೇಷಚೇತನರ ಬಸ್ ಪಾಸ್ ವಿಭಾಗ.

ವಿಷಯ: ಅರ್ಜಿದಾರನಿಗೆ ಕಣ್ಣು ಕಾಣದ ಕಾರಣ ಅವನ ತಂದೆಗೆ ಪಾಸ್ ಮಂಜೂರಾಗಿರುವ ಬಗ್ಗೆ.

ಉಲ್ಲೇಖ: ತಮ್ಮ ಜಾಲತಾಣದ ಆದೇಶ, ‘ದಯವಿಟ್ಟು ಕಣ್ಣು ಮಿಟುಕಿಸಿ’.

ಮಾನ್ಯರೇ,

೧. ಸದರಿ ಅರ್ಜಿದಾರನು ಹುಟ್ಟಿನಿಂದ ಅಂಧ. ರೆಪ್ಪೆಗಳು ಇದುವರೆಗೆ ತೆರೆದಿಲ್ಲ. ದಿನವೂ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಹೇಳುತ್ತಾನೆ. ಹಳೆಯ ಪಾಸ್ ಮುಗಿದ ಕಾರಣ, ಪರದೆಯನ್ನು ಓದಿ ಹೇಳುವ ತನ್ನ ಮೊಬೈಲಿನಲ್ಲಿ ತಮ್ಮ ಜಾಲತಾಣ ತೆರೆದನು. ಮೊಬೈಲ್ ‘ಬಟನ್, ಬಟನ್, ಹೆಸರಿಲ್ಲದ ಬಟನ್’ ಎಂದು ಓದಿತು. ಹಾಲು ಕರೆದು ಬಂದ ತಂದೆ ರಾಮಚಂದ್ರಪ್ಪನವರು ಬಗ್ಗಿ ನೋಡಿ, “ಗಾಲಿಕುರ್ಚಿ ಬೊಮ್ಮೆ ಆಕವ್ರೆ ಕಣ್ಲಾ, ಚೆಂದಾಗೈತೆ” ಎಂದರು. ಆದ್ದರಿಂದ ಇದು ವಿಶೇಷಚೇತನರಿಗಾಗಿಯೇ ಮಾಡಿದ್ದೆಂದು ಖಚಿತವಾಯಿತು.

೨. ತಂದೆ ತೋರಿಸಿದಲ್ಲೆಲ್ಲ ಒತ್ತಿ ಕೊನೆಯ ಪುಟ ತಲುಪಿದಾಗ, ಅರ್ಜಿದಾರನು ಜೀವಂತ ವ್ಯಕ್ತಿಯೆಂದು ಖಾತ್ರಿಪಡಿಸಲು ಮೊಬೈಲ್ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂದು ಆದೇಶವಾಯಿತು. ಅವನು ಹುಬ್ಬು ಕುಣಿಸಿದನು, ತಲೆಯಾಡಿಸಿದನು, ಕೊನೆಗೆ ಕೈಮುಗಿದನು. ಯಾವುದೂ ಪುರಸ್ಕೃತವಾಗಲಿಲ್ಲ.

“ಇತ್ತ ಕೊಡ್ಲಾ.”

“ಬ್ಯಾಡಪ್ಪಾ.”

“ಸುಮ್ಕಿರ್ಲಾ. ಅದಕ್ಕೆ ಬೇಕಾಗಿರೋದು ಕಣ್ಣು. ನಮ್ಮನೇಲಿ ಐತಲ್ಲ!”

ತಂದೆ ಮಿಟುಕಿಸಿದರು. ಜಾಲತಾಣ ಅವರ ಮುಖದ ಫೋಟೋ ತೆಗೆದುಕೊಂಡು ತಕ್ಷಣ ಅಭಿನಂದಿಸಿತು.

೩. ಆದಕಾರಣ ಮಗನ ಹೆಸರು, ತಂದೆಯ ಫೋಟೋ ಇರುವ, ಸಂಪೂರ್ಣ ಅಂಧತ್ವದ ಪಾಸ್ ಬಂತು. ಮೊದಲ ದಿನವೆಂದು ತಂದೆಯೂ ಜೊತೆಗೆ ಬಸ್ ಹತ್ತಿದರು. ಕಂಡಕ್ಟರ್ ಸೆಲ್ವರಾಜ್ ಪಾಸ್ ನೋಡಿ, “ಯಜಮಾನ್ರೇ, ಇದ್ರಲ್ಲಿರೋದು ನೀವು. ಕೂತ್ಕೊಳ್ಳಿ. ಮೇಷ್ಟ್ರು ಟಿಕೆಟ್ ತಗೊಳ್ಲಿ” ಎಂದರು.

“ನಂಗೆ ಕಣ್ಣು ಕಾಣ್ತದೆ ಕಣಪ್ಪೋ!”

“ಅದ್ನ ಪಾಸ್ ಕೊಟ್ಟೋರಿಗೆ ಹೇಳಿ.”

ಬಸ್ಸಿನವರೆಲ್ಲ ನಕ್ಕರು. ಅರ್ಜಿದಾರನೂ ನಕ್ಕನು. ತಂದೆ ನಗಲಿಲ್ಲ, ಇಳಿಯುವವರೆಗೂ ಮಗನ ಕೈ ಬಿಡಲಿಲ್ಲ.

೪. ಅಲ್ಲಿಂದ ನೇರವಾಗಿ ತಮ್ಮ ಬಂಗಾರಪೇಟೆ ಕಚೇರಿಗೆ ಹೋದಾಗ ಗುಮಾಸ್ತ ಮೂರ್ತಿಯವರು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟು, “ರದ್ದು ಮಾಡ್ಬೇಕಂದ್ರೂ ಫೋಟೋದಲ್ಲಿರೋರು ಇನ್ನೊಂದ್ಸಲ ಮಿಟುಕಿಸ್ಬೇಕು” ಎಂದರು. ತಂದೆ ಎದ್ದು ನಿಂತರು. “ನಾನ್ ಮಿಟುಕ್ಸಲ್ಲ ಸ್ವಾಮಿ. ಒಂದ್ಸಲ ಮಿಟುಕ್ಸಿದ್ದಕ್ಕೇ ಕುರುಡ ಆದೆ. ಇನ್ನೊಂದ್ಸಲ ಮಿಟುಕ್ಸಿದ್ರೆ ಇನ್ನೇನ್ ಮಾಡ್ತೀರೋ!” ಹೊರಗೆ ಬಂದ ಮೇಲೆ ಮಗನಿಗೆ ಮಾತ್ರ ಕೇಳಿಸುವಂತೆ, “ನನ್ ಕಣ್ಣಲ್ಲಿ ನಿಂಗೆ ಕೊಡೋಕಾಗಿದ್ದು ಅಷ್ಟೇ ಕಣಪ್ಪಾ” ಎಂದರು.

ಆದ್ದರಿಂದ, ಪ್ರತಿ ಬಟನ್‌ಗೂ ಮೊಬೈಲ್ ಓದಬಲ್ಲ ಹೆಸರಿಟ್ಟು, ಮಿಟುಕಿಸುವ ಬದಲು ಬೆರಳಚ್ಚನ್ನಾದರೂ ಒಪ್ಪಿ, ಜಾಲತಾಣವನ್ನು ಕಣ್ಣಿಲ್ಲದವರ ಕೈಗೆ ಕೊಟ್ಟು ಪರೀಕ್ಷಿಸಬೇಕಾಗಿ ಪ್ರಾರ್ಥನೆ.

ಬೂದಿಕೋಟೆ ಬಸ್ ನಿಲ್ದಾಣದಿಂದ,
ತಮ್ಮ ವಿಶ್ವಾಸಿ,
ಚಿರಂಜೀವಿ

ಲಗತ್ತು: ಮಗನಿಗೆ ಕಣ್ಣಿಲ್ಲವೆಂಬ ಪ್ರಮಾಣಪತ್ರ, ತಂದೆಗೆ ಇದೆಯೆಂಬ ವೈದ್ಯರ ಪತ್ರ, ಇವೆರಡನ್ನೂ ಅಲ್ಲಗಳೆಯುವ ತಮ್ಮ ಪಾಸ್.

ವಿ.ಸೂ.: ತಮ್ಮ ನಿಯಮದಂತೆ ಪಾಸುಳ್ಳ ಅಂಧರನ್ನು ಕೈಹಿಡಿದು ಕರೆದೊಯ್ಯುವ ಒಬ್ಬರಿಗೆ ಪ್ರಯಾಣ ಉಚಿತ. ಕಾರಣ, ತೀರ್ಮಾನವಾಗುವವರೆಗೆ ರಾಮಚಂದ್ರಪ್ಪನವರಿಗೆ ದಾರಿ ತೋರಿಸಲು ಅರ್ಜಿದಾರನನ್ನೇ ನೇಮಿಸಬೇಕಾಗಿ ಕೋರಿಕೆ.