ಶೀನ ಕೇಳಿ ತಂದ ನಲ್ಲಿ

ವಿನೋದಾಳ ಸೊಂಟ ಉಳುಕಿದ್ದೇ ಎಲ್ಲ ರಗಳೆಗೂ ಮೂಲ. ತಮಿಳು ಸೀಮೆಯ ಪೆರುಂಗುಡಿಯ ಕಾಲುವೆ ಬದಿಯ ಆ ಓಣಿಗೆ ನಲ್ಲಿಯೇ ಇರಲಿಲ್ಲ. ಮೂರು ಬೀದಿ ಆಚೆಯಿಂದ ನೀರು ಹೊತ್ತು ಹೊತ್ತು ಭಾನುವಾರ ಬೆಳಿಗ್ಗೆ ಅವಳು ಮಲಗಿಯೇಬಿಟ್ಟಳು.

"ಇವತ್ತು ವಾರ್ಡ್ ಸಭೆ ಉಂಟಲ್ಲ, ಹೋಗಿ ಒಂದು ನಲ್ಲಿ ಕೇಳಿ. ಹೋಟ್ಲಲ್ಲಿ ಊರಿಗೆಲ್ಲ ನೀರು ಕೊಡ್ತೀರಿ, ಮನೆಗೊಂದು ಚೊಂಬಿಲ್ಲ!"

ಅವಳ ಗಂಡ ಶೀನ, ಮುಖ್ಯರಸ್ತೆಯ ಉಡುಪಿ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಸಪ್ಲಾಯರ್. ಹತ್ತು ಮೇಜಿನ ತಿಂಡಿಯನ್ನು ಬರೆದುಕೊಳ್ಳದೆ ನೆನಪಿಡುವ ಗಟ್ಟಿಗ. ಸರಕಾರದ ಎದುರು ಮಾತ್ರ ಅವನ ನಾಲಿಗೆ, ಎಣ್ಣೆ ಕಾಣದ ಕಾವಲಿಗೆ ದೋಸೆ ಹಿಡಿದಂತೆ ಹಿಡಿಯುತ್ತಿತ್ತು.

ಸಭೆಯಲ್ಲಿ ಓಣಿಯವರೆಲ್ಲ ಹಿಂದಿನ ಸಾಲಲ್ಲಿ ಮುದುಡಿದ್ದರು. 'ನಿಮಗೇನು ಬೇಕು' ಎಂದು ಹುಟ್ಟಿದಂದಿನಿಂದ ಅವರನ್ನು ಯಾರೂ ಕೇಳಿದ್ದಿಲ್ಲ. ಇವತ್ತು ಪಾಲಿಕೆಯ ಎಂಜಿನಿಯರ್ ಸುಜಯೀಂದ್ರ ಕೇಳಿಬಿಟ್ಟರು. ಗಾಬರಿಗೆ ಎಲ್ಲರೂ ಶೀನನ ಬೆನ್ನು ತಿವಿದರು.

"ನೀನೇ ಸೊಲ್ಲಪ್ಪಾ, ನೀನೇ ಹೇಳು ಶೀನಣ್ಣ! ನಂಗೆ ಬೀದಿ ಲೈಟು," ಎಂದರು ಪಕ್ಕದ ಮನೆ ಲೀಲಮ್ಮ.

"ಅಣ್ಣೇ, ಚರಂಡಿ ಮುಚ್ಚಳ! ನಾಲ್ಕು!" ಎಂದ ಆಟೋ ಬಾಬು.

"ನನಗೆ ಕಸದ ಗಾಡಿ ಮಾರಾಯ, ದಿನಾ ಬರ್ಬೇಕು," ಎಂದ ಗುಂಡಣ್ಣ.

ನಾಲ್ಕು ಕಡೆಯಿಂದ ಆರ್ಡರ್ ಬಿದ್ದದ್ದೇ ತಡ, ಶೀನನೊಳಗಿನ ಸಪ್ಲಾಯರ್ ಎದ್ದು ನಿಂತ. "ಲೈಟ್ ಒಂದು, ಮುಚ್ಚಳ ನಾಲ್ಕು, ಕಸದ ಗಾಡಿ ದಿನಾ ಒಂದು, ನಲ್ಲಿ ಒಂದು ಅರ್ಜೆಂಟ್!" ಎಂದು ಅಡುಗೆಮನೆಗೆ ಕೂಗುವ ಹಾಗೆ ಒಂದೇ ಉಸಿರಿಗೆ ಕೂಗಿದ.

ಸುಜಯೀಂದ್ರ ಬಿದ್ದು ಬಿದ್ದು ನಕ್ಕರು. "ಅಡಡಾ, ಕನ್ನಡದೋರಾ? ನಮ್ಮನೇಲೂ ಕನ್ನಡವೇ! ಇಷ್ಟು ನೀಟಾಗಿ ಇದುವರೆಗೆ ಯಾರೂ ಕೇಳಿಲ್ಲ ರೀ. ನಲ್ಲಿ ಇವತ್ತೇ, ಮಿಕ್ಕಿದ್ದು ಈ ವಾರ. ಶರಿ, ಫಾರಂ ತುಂಬಿ."

ಕಣ್ಣಲ್ಲಿ ನೀರು ತುಂಬಿಕೊಂಡೇ ಶೀನ ಫಾರಂ ತುಂಬಿದ.

ಓಣಿಯವರು ಅವನನ್ನು ಹೊತ್ತುಕೊಂಡೇ ಮನೆಗೆ ತಂದರು. ಲೀಲಮ್ಮ ಪಾಯಸ ಕೊಟ್ಟರು. ಶೀನ ಸಭೆ ನಡೆದ ದಿಕ್ಕಿಗೆ ತಿರುಗಿ ಮೂರು ಸಲ ಕೈ ಮುಗಿದ. ವಿನೋದಾ ನೋವು ಮರೆತು, ಬರುವ ನಲ್ಲಿಗೆಂದು ಮಲ್ಲಿಗೆ ಮಾಲೆ ಕಟ್ಟಿದಳು.

ಸಂಜೆ ಆರಾಯಿತು. ನಲ್ಲಿ ಹಾಕುವವರ ಲಾರಿ ಬರಲಿಲ್ಲ. ಹೋಟೆಲಿನ ಯಜಮಾನ ಶಂಕರನಾರಾಯಣರ ಫೋನು ಬಂತು.

"ಶೀನಾ, ದೇವರಂಥ ಮನುಷ್ಯ ಮಾರಾಯ ನೀನು! ಹೋಟ್ಲಿನ ಬಾಗಿಲಲ್ಲೇ ಸರಕಾರಿ ನಲ್ಲಿ ಹಾಕಿ ಹೋದ್ರು. ಕಾಗದದಲ್ಲಿ ನಿನ್ನದೇ ಹೆಸರುಂಟು!"

ಶೀನ ನಾಲಿಗೆ ಕಚ್ಚಿಕೊಂಡ. ಊರಿನ ಕಾಗದ, ಬ್ಯಾಂಕು, ಗ್ಯಾಸು, ಎಲ್ಲದಕ್ಕೂ ಇಪ್ಪತ್ತು ವರ್ಷದಿಂದ ಅವನು ಕೊಟ್ಟದ್ದು ಹೋಟೆಲಿನ ವಿಳಾಸವೇ. ಸಂತೋಷದ ಭರದಲ್ಲಿ ಫಾರಂನಲ್ಲೂ ಕೈ ತಾನಾಗಿ ಅದನ್ನೇ ಬರೆದಿತ್ತು. ಹೋಟೆಲು ಇಲ್ಲಿಂದ ನಾಲ್ಕು ಬೀದಿ.

ವಿನೋದಾ ಮಲ್ಲಿಗೆ ಮಾಲೆಯನ್ನು ಗಂಡನ ಕೊರಳಿಗೇ ಹಾಕಿದಳು.

"ಸಭೆಯವರು ಪುಣ್ಯಾತ್ಮರು, ಹೇಳಿದ ಮಾತಿಗೆ ತಪ್ಪಲಿಲ್ಲ. ನಾಳೆಯಿಂದ ನೀರು ನೀವೇ ತನ್ನಿ. ನಲ್ಲಿ ನಿಮ್ಮ ಮನೆ ಬಾಗಿಲಿಗೇ ಬಂದಿದೆಯಲ್ಲ!"