ಊಟದ ನಂತರ ಒಂದು ಗುಳಿಗೆ

ನನ್ನ ತಮ್ಮನಷ್ಟು ಕೆಟ್ಟ ರೋಗಿ ದಾಂಡೇಲಿಯಲ್ಲಿ ಇನ್ನೊಬ್ಬನಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ!

ಕಾಗದದ ಮಿಲ್ಲಿನ ಯಂತ್ರಗಳ ನಡುವೆ ಆಯುಷ್ಯ ಕಳೆದರೂ ಮೈಗೆ ಒಂದು ಗೀರು ಮಾಡಿಕೊಳ್ಳದವನು, ನಿವೃತ್ತನಾದ ಮೇಲೆ ಸೈಕಲ್ ತುಳಿಯುತ್ತ ಮಂಗಟ್ಟೆ ಹಕ್ಕಿ ನೋಡಲು ತಲೆಯೆತ್ತಿ, ನಿಂತಿದ್ದ ಕಟ್ಟಿಗೆ ಲಾರಿಗೆ ಮೂಗು ಕೊಟ್ಟ. ಎತ್ತಿ ಕೂರಿಸಿದವರಿಗೆ ಅವನ ಮೊದಲ ಮಾತೇನು ಗೊತ್ತೇ? "ಜೋಡಿ ಇದ್ವುರೀ, ಜೋಡಿ."

ಹುಬ್ಬಳ್ಳಿಯಲ್ಲಿ ಮೂಗಿನ ಆಪರೇಷನ್ ಮಾಡಿಸಿಕೊಂಡು ಗುರುವಾರ ಮನೆಗೆ ಬಂದಾಗ ಕಣ್ಣ ಕೆಳಗೆ ಬದನೆಕಾಯಿ ಬಣ್ಣ, ಮುಖ ಉಬ್ಬಿದ ಪೂರಿ! ಮಗಳ ಮದುವೆಗೆ ಉಳಿದದ್ದು ಹನ್ನೊಂದೇ ದಿನ. ಅಪ್ಪನ ಮುಖ ಸರಿಯಾಗದಿದ್ದರೆ ಮುಹೂರ್ತವನ್ನೇ ಮುಂದೆ ಹಾಕಿಸುತ್ತೇನೆಂದು ಅವಳ ಹಠ.

ಶಾಲೆಯ ಗಂಟೆಗೆ ಬದುಕಿದ ಶಿಕ್ಷಕಿ ನಾನು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ: ಬಾವು ಇಳಿಸುವ ಗುಳಿಗೆ ದಿನಕ್ಕೆ ಮೂರು, ಊಟದ ನಂತರ, ಕೆನ್ನೆಗೆ ಮಂಜುಗಡ್ಡೆ ಸುತ್ತಿದ ಅರಿವೆ, ಮಲಗುವಾಗ ಎರಡು ದಿಂಬು. ಶುಕ್ರವಾರ ಒಂದು ನಿಮಿಷ ತಪ್ಪಲಿಲ್ಲ. ಶನಿವಾರ ಮದುಮಗಳೊಂದಿಗೆ ಸೀರೆ ತರಲು ಹಳಿಯಾಳಕ್ಕೆ ಹೋಗಿದ್ದೆ. ರವಿವಾರ ಮುಂಜಾನೆ ನೋಡಿದರೆ ಮೂಗು ಮತ್ತೆ ಊದಿದೆ! ಶನಿವಾರದ ಮೂರೂ ಗುಳಿಗೆ ಹಾಗೇ ಕೂತಿವೆ.

"ಯಾಕ ತಗೊಳ್ಳಲಿಲ್ಲ?"

"ಊಟದ ನಂತರ ಅಂತ ನೀನ ಬರದೀ. ಶನಿವಾರ ನಾ ಎಲ್ಲಿ ಊಟ ಮಾಡ್ತೇನಿ?"

ಹನುಮಪ್ಪನ ಉಪವಾಸ! ತಪ್ಪಿದ ಮೂರನ್ನೂ ಒಟ್ಟಿಗೆ ನುಂಗಲು ಹೊರಟಿದ್ದ. ಕಸಿದುಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಕೂಡಿಸಿ ಕೊಡಬೇಡಿ, ಮುಂದಿನದನ್ನು ವೇಳೆಗೆ ಕೊಡಿ, ಇನ್ನೊಮ್ಮೆ ತಪ್ಪಿಸಬೇಡಿ ಎಂದರು. ಆದರೆ ಮದುವೆಗೆ ಮೊದಲು ಇನ್ನೊಂದು ಶನಿವಾರವಿತ್ತಲ್ಲ!

ಸಂಜೀವಿನಿ ಹೊತ್ತು ತಂದ ದೇವರು ಔಷಧ ಬೇಡವೆನ್ನುತ್ತಾನೆಯೇ ಎಂದು ವಾದಿಸಿದೆ. ನಲವತ್ತು ವರ್ಷದ ಹರಕೆ, ಬಿಡುವುದಿಲ್ಲ ಎಂದ. ಅಂಥ ದೊಡ್ಡ ಹರಕೆ ಯಾವುದಪ್ಪಾ ಎಂದು ರೇಗಿದೆ.

ಅವನು ಗೋಡೆಯ ವೇಳಾಪಟ್ಟಿಯತ್ತ ನೋಡಿದ. "ನೀ ಜೊಯಿಡಾ ಸಾಲ್ಯಾಗ ಟೀಚರ ಇದ್ದಾಗ ಮಲೇರಿಯಾ ಬಂದು ಮಾತ ನಿಂತಿತ್ತಲ್ಲ ಅಕ್ಕಾ, ಅವಾಗ ಹಿಡದದ್ದು."

ವೇಳೆಗೆ ಸರಿಯಾಗಿ ಗುಳಿಗೆ ನುಂಗಿದ್ದರಿಂದಲೇ ಬದುಕಿದೆನೆಂದು ಅಷ್ಟೂ ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು!

ಮುಂದಿನ ಶನಿವಾರದ ಉಪವಾಸ ಅವನ ಬದಲು ನಾನು ಮಾಡಿದೆ. ಅವನು ನನ್ನೆದುರು ಕೂತು ಮೂರು ಹೊತ್ತೂ ಉಂಡು ಗುಳಿಗೆ ನುಂಗಿದ. ಮದುವೆಯ ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ಇರುವುದು ಬಾವಿಳಿದ ಅವನ ಮೂಗೇ.

ವೇಳಾಪಟ್ಟಿಯಲ್ಲಿ ಶನಿವಾರದ ಮುಂದೆ ಅಂದು ನನ್ನ ಹೆಸರು ಬರೆದಿದ್ದೆ. ಗುಳಿಗೆಗಳು ಮುಗಿದು ತಿಂಗಳುಗಳಾದವು, ಹೆಸರು ಅಳಿಸಿಲ್ಲ.