ಒಲೆ ಎಣಿಸುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ಯಾರೂ ಮನೆಗೆ ಊಟಕ್ಕೆ ಕರೆಯಬಾರದು! ಜಾಸ್ತಿ ಉಣ್ಣುತ್ತಾರೆ ಅಂತಲ್ಲ. ಹೊಸಿಲು ದಾಟಿದವರೇ ನೇರ ಅಡುಗೆಮನೆಗೆ ನುಗ್ಗಿ ಒಲೆ ಎಣಿಸುತ್ತಾರೆ. ಇದಕ್ಕೆ ಮೂಲ ಸರ್ಕಾರ. ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದ ಅವರನ್ನು ಜನಗಣತಿಗೆ ಹಾಕಿದರು. ಒಂದೇ ಸೂರಿನಡಿ ಎಷ್ಟೇ ಜನ ಇರಲಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರೆ ಒಂದು ಕುಟುಂಬ, ಒಲೆ ಬೇರೆಯಾದರೆ ಕುಟುಂಬವೂ ಬೇರೆ ಎಂದು ಅಲ್ಲಿ ಹೇಳಿಕೊಟ್ಟರು. ಗಣತಿ ಮುಗಿಯಿತು, ಪುಸ್ತಕ ವಾಪಸ್ಸು ಹೋಯಿತು, ಚಿಕ್ಕಪ್ಪ ಮಾತ್ರ ಎಣಿಸುವುದನ್ನು ನಿಲ್ಲಿಸಲಿಲ್ಲ.

ನಾಗಮಂಗಲದ ಕಡೆ ನಮ್ಮ ಸೋದರತ್ತೆಯ ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹೆಣ್ಣು ಇನ್ನೂ ಕಾಫಿ ತಟ್ಟೆ ಹಿಡಿದು ಬರುತ್ತಿದ್ದಾಳೆ, ಚಿಕ್ಕಪ್ಪ ಹಿತ್ತಿಲಿಂದ ಓಡಿಬಂದು ನಡುಮನೆಯಲ್ಲೇ ಘೋಷಿಸಿದರು, "ಅಣ್ತಮ್ದೀರು ಒಟ್ಗವ್ರೆ ಅಂದ್ರಿ, ಒಳ್ಗೆ ಎಲ್ಡ್ ಒಲೆ ಅವೆ!" ಹೆಣ್ಣಿನ ತಾತ ನಿಧಾನವಾಗಿ ಹೇಳಿದರು, "ಇನ್ನೊಂದು ಸ್ನಾನದ ಹಂಡೆ ಒಲೆ ಕಣಪ್ಪ. ಅದ್ರಲ್ಲಿ ಬೇಯ್ಸ್ಕಂಡು ಉಣ್ಣೋಕಾಯ್ತದಾ?" ಮದುವೆ ಹೇಗೋ ಆಯಿತೆನ್ನಿ. ಬೀಗರು ಇವತ್ತಿಗೂ ಚಿಕ್ಕಪ್ಪ ಬಂದರೆ ಅಡುಗೆಮನೆ ಬಾಗಿಲು ಮುಂದಕ್ಕೆ ಮಾಡುತ್ತಾರೆ.

ತಮಾಷೆಯೇನು ಗೊತ್ತೆ? ಊರ ಒಲೆಗಳನ್ನೆಲ್ಲ ಎಣಿಸಿದ ಈ ಮನುಷ್ಯ ನಮ್ಮ ಮನೆಯಲ್ಲೇ ಬೇರೆ ಒಲೆ ಹೂಡಿಕೊಂಡಿದ್ದರು! ಒಮ್ಮೆ ಅಪ್ಪ ಸಿಟ್ಟಿನಲ್ಲಿ, "ಎಣ್ಸೋ ಬದ್ಲು ಒಂದ್ ಸಲನಾದ್ರೂ ಒಲೆ ಊದಿದ್ಯೇನ್ಲಾ?" ಅಂದುಬಿಟ್ಟರು. ಮದುವೆಯಾಗದ ತಮ್ಮನಿಗೆ ಆ ಮಾತು ನಾಟಿತು. ಮಾರನೆಯ ದಿನವೇ ಪೇಟೆಯಿಂದ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌ ಬಂತು, ಹಿಂದಿನ ಕೋಣೆಯಲ್ಲಿ ಬುಸುಗುಟ್ಟತೊಡಗಿತು. ಆರು ವರ್ಷ! ಅಪ್ಪ ಕರೆಯಲಿಲ್ಲ, ಚಿಕ್ಕಪ್ಪ ಬರಲಿಲ್ಲ. ಅಮ್ಮ ಮಾತ್ರ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ಟಿ, ಕೊನೆಗೆ ಹಸುವಿಗೆ ಹಾಕುತ್ತಿದ್ದಳು.

ಈಗ ನನ್ನ ಕಥೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕಿರಂಗೂರಿನಿಂದ ಸೈಕಲ್ ತುಳಿದು ಶ್ರೀರಂಗಪಟ್ಟಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಅಲ್ಲಿನ ದೊಡ್ಡ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿದವಳು ನಾನೇ. ಆ ತಾಲ್ಲೂಕಿನಲ್ಲಿ ನನ್ನಷ್ಟು ಬಲ್ಲವರು ಇರಲಿಲ್ಲ, ಇದ್ದರೂ ನನಗೆ ಗೊತ್ತಿರಲಿಲ್ಲ. ವಿದ್ಯಾರ್ಥಿಗಳು ತಮ್ಮ ತಮ್ಮ ಜಾಗದಿಂದ ಅದರಲ್ಲಿದ್ದ ಒಂದು ಡೇಟಾಬೇಸ್ ಪ್ರೋಗ್ರಾಮಿಗೆ ಸೇರಿಕೊಂಡು ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ಕೇಂದ್ರದ ಮಾಲೀಕರು ಮೈಸೂರಿನಿಂದ ಬಂದು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದು ಕಿರುಚಿದರು. ಒಂದೇ ಹೆಸರು ಹತ್ತು ಸಾಲು! ಒಂದೊಂದರ ಮುಂದೂ ಆರು ಎಂಬಿ ಮೆಮೊರಿ, ಅಂದರೆ ನೆನಪಿನ ಜಾಗ!

"ಏನಮ್ಮಾ, ಒಂದೇ ಪ್ರೋಗ್ರಾಮನ್ನ ಹತ್ತು ಸಲ ಚಾಲೂ ಮಾಡಿದೀಯಲ್ಲ? ಮೆಷಿನ್ ನಿಧಾನ ಆಗದೆ ಇನ್ನೇನಾಗುತ್ತೆ?"

"ಒಂದೇ ಸಲ ಮಾಡಿದ್ದು ಸಾರ್."

"ಪಟ್ಟಿ ಸುಳ್ಳು ಹೇಳುತ್ತಾ?"

ಹೇಳಿದವರೇ ಮೊದಲನೆಯದನ್ನು ಉಳಿಸಿ ಮಿಕ್ಕವನ್ನು ಕೊಲ್ಲಲು ಕೂತರು. ಅಲ್ಲಿ ಪ್ರೋಗ್ರಾಮು ನಿಲ್ಲಿಸುವುದಕ್ಕೆ ಕೊಲ್ಲುವುದು ಎಂದೇ ಹೆಸರು. ಎರಡನೆಯದನ್ನು ಕೊಂದರು ನೋಡಿ, ಹತ್ತೂ ಒಟ್ಟಿಗೆ ಮಾಯ! ಹುಡುಗರ ಪರದೆಗಳೆಲ್ಲ ಬೆಪ್ಪಾಗಿ ನಿಂತವು. ಮಾಲೀಕರು ಅದನ್ನೂ ನನ್ನ ತಲೆಗೇ ಕಟ್ಟಿದರು. ಶನಿವಾರದೊಳಗೆ ಕಾರಣ ಹೇಳಬೇಕು, ಇಲ್ಲದಿದ್ದರೆ ಸೋಮವಾರದಿಂದ ಮೈಸೂರಿನ ಇನ್ನೊಬ್ಬರು ಪಾಠ ಮಾಡುತ್ತಾರೆ ಎಂದು ಹೊರಟುಹೋದರು. ಆ ಕೆಲಸವೆಂದರೆ ನನಗೆ ಪ್ರಾಣ. ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿ, ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡು ಮನೆಗೆ ಬಂದು ಜಗಲಿಯ ಮೇಲೆ ಅಳುತ್ತಾ ಕೂತೆ.

ನಡೆದದ್ದನ್ನೆಲ್ಲ ಕೇಳಿ ಚಿಕ್ಕಪ್ಪ ಕಾಗದ ಕಸಿದುಕೊಂಡರು. ಕಂಪ್ಯೂಟರನ್ನು ಅವರು ಕಣ್ಣಲ್ಲೂ ಕಂಡವರಲ್ಲ. ಆದರೆ ಪಟ್ಟಿ! ಪಟ್ಟಿ ಅಂದರೆ ಅವರ ಮೀಸೆ ನೆಟ್ಟಗಾಗುತ್ತದೆ.

"ಇದೇನವ್ವ, ಹತ್ ಜನುಕ್ಕೂ ಆರಾರು?"

"ಒಬ್ಬೊಬ್ಬರು ತಿಂದಿರೋ ಜಾಗ ಚಿಕ್ಕಪ್ಪ."

"ಒಟ್ಗೆ ಎಷ್ಟವೆ?"

"ಇಡೀ ಮೆಷಿನ್ನಿನಲ್ಲಿ ಇರೋದೇ ಮೂವತ್ತೆರಡು."

ಚಿಕ್ಕಪ್ಪ ನಕ್ಕರು. "ಮೂವತ್ತೆರಡ್ ಸೇರಿನ್ ಗುಡಾಣದಲ್ಲಿ ಅರವತ್ ಸೇರು ಎಂಗವ್ವ ಉಂಡ್ರು? ಹತ್ ಮನೇಲಿ ರಾಗಿ ಒಂದ್ ಕಾಳೂ ಎಚ್ಚುಕಮ್ಮಿ ಇಲ್ದಂಗೆ ಇರ್ತದಾ? ಒಬ್ಬುನ್ ಎಳುದ್ರೆ ಹತ್ತೂ ಬಿದ್ದೋದ್ವು ಅಂತೀಯ. ಇವು ಹತ್ ಮನೆ ಅಲ್ಲ ಕಣ್ ಮಗ, ಒಂದೇ ಮನೆ. ಹತ್ ಜನ, ಒಂದೇ ಒಲೆ! ಪಟ್ಟಿ ಬರ್ದೋನು ಒಳೀಕೆ ಓಗಿ ಒಲೆ ನೋಡಿಲ್ಲ, ತಲೆ ಎಣ್ಸಿ ಹತ್ ಮನೆ ಅಂತ ಬರ್ಕಂಡ್ ಬಂದವ್ನೆ. ಅವ್ನ್ ಯಾವನ್ಲಾ ಅವ್ನು!"

ನಾನು ನೆಟ್ಟಗೆ ಕೂತೆ. ಮಾರನೆಯ ದಿನ ಸೀಡಿಯೊಳಗಿನ ಟಿಪ್ಪಣಿಗಳನ್ನೆಲ್ಲ ಜಾಲಾಡಿದೆ. ಇತ್ತು! ಒಂದು ಪ್ರೋಗ್ರಾಮು ತನ್ನೊಳಗಿನ ಕೆಲಸವನ್ನು ಥ್ರೆಡ್ ಎಂಬ ಎಳೆಗಳಿಗೆ ಹಂಚುತ್ತದೆ, ಎಲ್ಲ ಎಳೆಗಳೂ ಅದೇ ನೆನಪನ್ನು ಹಂಚಿಕೊಳ್ಳುತ್ತವೆ, ಆದರೆ ಈ ವ್ಯವಸ್ಥೆಯ ಪಟ್ಟಿಯಲ್ಲಿ ಪ್ರತಿ ಎಳೆಯೂ ಒಂದು ಪ್ರತ್ಯೇಕ ಪ್ರೋಗ್ರಾಮಿನಂತೆ ಕಾಣುತ್ತದೆ ಎಂದು ಬರೆದಿತ್ತು.

ಶನಿವಾರ ಚಿಕ್ಕಪ್ಪ ಇಸ್ತ್ರಿ ಶರಟು ಹಾಕಿಕೊಂಡು ಜೊತೆಗೇ ಬಂದರು. ಒಳಗೆ ಹೋದವರೇ ಕಂಪ್ಯೂಟರಿನ ಹಿಂಭಾಗಕ್ಕೆ ಬಗ್ಗಿ ನೋಡಿದರು, ಒಲೆ ಇದೆಯೋ ಏನೋ ಅಂತ! ನಾನು ಮಾಲೀಕರ ಎದುರಿಗೆ ಖಾಲಿ ನೆನಪೆಷ್ಟು ಎಂದು ಬರೆದಿಟ್ಟು ಪ್ರೋಗ್ರಾಮನ್ನು ನಿಲ್ಲಿಸಿದೆ. ಹತ್ತು ಸಾಲೂ ಹೋದವು. ಮರಳಿ ಬಂದದ್ದು ಎಷ್ಟು? ಅರವತ್ತಲ್ಲ, ಆರರ ಆಸುಪಾಸು! ಆಮೇಲೆ ಟಿಪ್ಪಣಿ ತೋರಿಸಿ, ಒಲೆಯ ಲೆಕ್ಕ ಹಾಕಿ ಇದನ್ನು ಮೊದಲು ಹೇಳಿದ್ದು ನಮ್ಮ ಮೇಷ್ಟ್ರು ಚಿಕ್ಕಪ್ಪನೇ ಎಂದೆ. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪು ನಂದೇ ಕಣಮ್ಮ. ಸೋಮವಾರ ನೀನೇ ಬಾ," ಎಂದು ಚಿಕ್ಕಪ್ಪನ ಕಡೆ ತಿರುಗಿ ನಕ್ಕರು.

"ಅಂದ ಹಾಗೆ, ನಿಮ್ಮ ಮನೇಲಿ ಎಷ್ಟು ಜನ ಮೇಷ್ಟ್ರೇ?"

ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಆರ್ ಜನ ಸಾರ್. ಒಂದೇ ಒಲೆ."

ನಾನು ಬೆರಳು ಮಡಿಸಿ ಎಣಿಸಿದೆ. ಅಪ್ಪ, ಅಮ್ಮ, ಅಜ್ಜಿ, ತಂಗಿ, ನಾನು. ನಮ್ಮ ಒಲೆಗೆ ಐದೇ ಜನ. ಒಲೆಯ ಲೆಕ್ಕದಲ್ಲಿ ಎಂದೂ ಎಡವದ ಮನುಷ್ಯ ಎಷ್ಟು ಧೈರ್ಯವಾಗಿ ತಪ್ಪು ಹೇಳಿದರು!

ಮನೆಗೆ ಬಂದವಳೇ ಹಿಂದಿನ ಕೋಣೆಗೆ ನುಗ್ಗಿ, ಸ್ಟೌವಿನ ಕಿಂಡಿ ಚುಚ್ಚುವ ಪಿನ್ನನ್ನು ಎತ್ತಿ ನನ್ನ ಬಳೆಪೆಟ್ಟಿಗೆಯಲ್ಲಿ ಅಡಗಿಸಿದೆ. ಸಂಜೆ ಸ್ಟೌವಿನ ಕಿಂಡಿ ಕಟ್ಟಿಕೊಂಡು ಉರಿ ನಿಂತಿತು. ಚಿಕ್ಕಪ್ಪ ಡಬ್ಬಿಗಳನ್ನೆಲ್ಲ ಕೆಡವಿದರು, ಚಾಪೆ ಕೊಡವಿದರು. "ಪಿನ್ ಕಂಡ್ರೇನವ್ವ?" ಎಂದು ನಡುಮನೆಯ ಬಾಗಿಲಿಗೆ ಬಂದು ನಿಂತರು. ನಾನು ತಲೆ ಎತ್ತಲಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆಯಿಂದ ಕಣ್ಣು ತೆಗೆಯದೆ ಗದರಿದರು, "ನಿಂತ್ಕಂಡ್ ಏನ್ ನೋಡ್ತಿದ್ದೀಯ್ಲಾ? ಮುದ್ದೆ ಆರೋಯ್ತದೆ, ಕೂತ್ಕೊ ಬಾ."

ಅವತ್ತು ಹಸುವಿಗೆ ಮುದ್ದೆ ಸಿಗಲಿಲ್ಲ.

ಆ ಪಿನ್ನು ಈಗಲೂ ನನ್ನ ಬಳೆಪೆಟ್ಟಿಗೆಯಲ್ಲೇ ಇದೆ. ಪಟ್ಟಣದ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತಿದ್ದ ಪಿನ್ನು ಅದು. ಚಿಕ್ಕಪ್ಪ ಇನ್ನೊಂದನ್ನು ಕೊಳ್ಳಲೇ ಇಲ್ಲ.